ಫ್ಯೂಸ್ ಮಾಮ

ಪಿಯುಸಿ ರಿಸಲ್ಟ್ ಬಂದ ಸಂಜೆ ಬೇರೆಯವರು ಸಿಹಿ ಹಿಡಿದು ಬಂದರೆ ಫ್ಯೂಸ್ ಮಾಮ ಟೆಸ್ಟರ್ ಹಿಡಿದು ಬಂದರು.

"ಪಾಸಾ?"

"ಹೂಂ ಮಾಮ."

"ಎಲ್ಲಿಗೆ?"

"ಬೆಂಗಳೂರಿಗೆ. ಇಂಜಿನಿಯರಿಂಗು."

"ಸರಿ. ಶರ್ಟಿಗೆ ಗುಂಡಿ ಹಾಕಕ್ಕೆ ಬರತ್ತಾ?"

ಪ್ರತಿ ಬೀದಿಯಲ್ಲೂ ಇಂಥವರೊಬ್ಬರು ಇರುತ್ತಾರೆ. ಪಕ್ಕದ ಮನೆ ಮಕ್ಕಳು ಮನೆ ಬಿಡುವ ವಾಸನೆ ಹೆತ್ತವಳಿಗಿಂತ ಮೊದಲು ಇವರ ಮೂಗಿಗೆ ಬಡಿಯುತ್ತದೆ. ಹೋಗುವ ಮುಂಚೆ ಅಕ್ಕಿ ತೊಳೆಯುವುದು, ಬಟ್ಟೆ ಹಿಂಡುವುದು, ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಅವನೆದುರೇ ಎಣಿಸುವುದು, ಎಲ್ಲವನ್ನೂ ಕಲಿಸಿಯೇ ಬಿಡಬೇಕು. ನಮ್ಮ ಪಾಲಿಗೆ ಬಂದವರು ನಮ್ಮೂರಿನ ಚಾಂಪಿಯನ್ ರೀಫ್ ಚಿನ್ನದ ಗಣಿಯ ಎಲೆಕ್ಟ್ರಿಷಿಯನ್. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿಯುವ ಗಣಿ ಅದು. ಅಪ್ಪ ಇಳಿದ ಶಾಫ್ಟಿಗೇ ಮಗನೂ ಇಳಿಯಬಹುದೆಂಬ ಆಸೆ ಇದ್ದಷ್ಟು ಕಾಲ ಊರು ಬಿಡುವ ಪಾಠ ಯಾರಿಗೆ ಬೇಕಿತ್ತು? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರೆಲ್ಲ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕಡೆ ಮುಖ ಮಾಡಿತು. ಮಾಮನಿಗೆ ಕೈತುಂಬ ಸಮಯ ಸಿಕ್ಕಿತು. ನಾವು ಸಿಕ್ಕೆವು.

ಗುಂಡಿ, ಅನ್ನ, ಚಿಲ್ಲರೆ ಎಲ್ಲ ಚಿಲ್ಲರೆ ವಿಷಯ. ಅವರ ಪ್ರಾಣ ಇದ್ದದ್ದು ಫ್ಯೂಸಿನಲ್ಲಿ. ಆ ಪಾಠ ಶುರುವಾಗುತ್ತಿದ್ದದ್ದೇ ಚರಿತ್ರೆಯಿಂದ. "ಡೇಯ್, ಶಿವನಸಮುದ್ರದಿಂದ ನಮ್ಮ ಗಣಿಗೆ ಕರೆಂಟು ಬಂದಿದ್ದು 1902ರಲ್ಲಿ. ನಿಮ್ಮ ಬೆಂಗಳೂರಿಗೆ ಯಾವಾಗ? 1905ರಲ್ಲಿ! ಮೂರು ವರ್ಷ ಅವರು ಸೀಮೆಎಣ್ಣೆ ದೀಪದಲ್ಲಿ ಕೂತಿದ್ರು. ಇಂಥಾ ಊರಲ್ಲಿ ಹುಟ್ಟಿ, ಅಂಥಾ ಊರಿಗೆ ಹೋಗಿ, ಫ್ಯೂಸ್ ಕಟ್ಟಕ್ಕೆ ಬರಲ್ಲ ಅಂದ್ರೆ ಮಾನ ಯಾರದು ಹೋಗತ್ತೆ?" ನನ್ನದಂತೂ ಅಲ್ಲ ಎಂದು ಅಂದುಕೊಂಡಿದ್ದೆ. ಹೇಳುವ ಧೈರ್ಯ ಇರಲಿಲ್ಲ.

ಹಗಲು ಮೂರು ಸಲ ತೋರಿಸಿದರು. ಮೇನ್ ಆಫ್ ಮಾಡು, ಹೋಲ್ಡರ್ ಎಳಿ, ಸುಟ್ಟ ತಂತಿ ತೆಗಿ, ಹೊಸದು ಸುತ್ತು. ನಾನು ತಲೆಯಾಡಿಸಿದೆ. ನಾಲ್ಕನೆಯ ದಿನ ರಾತ್ರಿ ಅಮ್ಮ ಮಿಕ್ಸಿಯಲ್ಲಿ ಮಸೊಪ್ಪಿಗೆ ಮಸಾಲೆ ರುಬ್ಬುತ್ತಿದ್ದಾಗ ಮನೆಯೆಲ್ಲ ಗವ್ವೆಂದಿತು. ಕಿಟಕಿಯಾಚೆ ಬೀದಿ ಮಾತ್ರ ಝಗಮಗ. ಹೊರಗೆ ಬಂದರೆ ಮಾಮ ನಮ್ಮ ಜಗುಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನಮ್ಮ ಫ್ಯೂಸು! ಒಳ್ಳೆಯ ತಂತಿಯನ್ನು ಬೇಕೆಂದೇ ಕಿತ್ತು ಬಿಸಾಡಿದ್ದರು. "ಪರೀಕ್ಷೆ" ಎಂದರು. ಟಾರ್ಚನ್ನೂ ಆರಿಸಿದರು.

ನಾನು ಮೂರು ಎಳೆ ತಂತಿ ಒಟ್ಟಿಗೆ ಹೊಸೆದು ಹಗ್ಗದಂತೆ ಗಟ್ಟಿಯಾಗಿ ಕಟ್ಟಿದೆ. ದೀಪ ಬಂತು. ಅಮ್ಮ ಚಪ್ಪಾಳೆ ಹೊಡೆದರು. ಮಾಮ ಅದನ್ನು ಮತ್ತೆ ಎಳೆದು ನೋಡಿದವರೇ ತಲೆಗೊಂದು ಮೊಟಕಿದರು. "ಇದು ಸುಡಲ್ಲ ಕಣೋ, ಮನೆ ಸುಡತ್ತೆ. ಸುಡೋದೇ ಅದರ ಕೆಲಸ." ಸರಿಯಾದ ಒಂದೇ ಎಳೆ ಕಟ್ಟಿ ಮುಗಿಸುವ ಹೊತ್ತಿಗೆ ಹತ್ತೂವರೆ. ಮಸೊಪ್ಪಿಲ್ಲದ ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ಉಂಡೆವು, ಮಾಮನೂ ಸೇರಿ.

ಇಷ್ಟು ಕಲಿಸಿದ ಮನುಷ್ಯನಿಗೆ ಒಲೆ ಹಚ್ಚಲು ಬರುತ್ತಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ. ಅನ್ನದ ಪಾಠವೆಲ್ಲ ಬಾಯಿಮಾತು. ಅತ್ತೆ ತವರಿಗೆ ಹೋದಾಗಲೆಲ್ಲ ಅವರು ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಆ ತಿಳಿನೀರಿನ ಪಾನಿಪೂರಿಯನ್ನೇ ಎರಡು ಪ್ಲೇಟು ತಿಂದು ರಾತ್ರಿಯೂಟ ಮುಗಿಸಿ ಬರುತ್ತಿದ್ದರಂತೆ. ಈ ಸುದ್ದಿ ಕೇಳಿ ನನಗಾದ ಸಂತೋಷ ಇಂಜಿನಿಯರಿಂಗ್ ಡಿಗ್ರಿ ಬಂದಾಗಲೂ ಆಗಲಿಲ್ಲ.

ಬೆಂಗಳೂರಿನ ನನ್ನ ಬಾಡಿಗೆ ರೂಮಿನಲ್ಲಿ ಫ್ಯೂಸೇ ಇರಲಿಲ್ಲ. ಎಂಸಿಬಿ. ಕರೆಂಟು ಹೋದರೆ ಬೆರಳಿನಿಂದ ಮೇಲೆತ್ತಿದರೆ ಮುಗಿಯಿತು. ಊರಿಗೆ ಬಂದಾಗ ದ್ವೇಷ ತೀರಿಸಿಕೊಳ್ಳುವವನಂತೆ ಹೇಳಿದೆ. ಮಾಮ ತುಂಬ ಹೊತ್ತು ಮಾತಾಡಲಿಲ್ಲ. "ಹಂಗಾದ್ರೆ ಕಟ್ಟೋದು ಏನೂ ಇಲ್ವಾ?" ಎಂದಷ್ಟೇ ಕೇಳಿದರು. ಹೇಳಬಾರದಿತ್ತು.

ಅವರ ಮಗಳೂ ಬೆಂಗಳೂರಿನಲ್ಲೇ ಇದ್ದಾಳೆ. ಭಾನುವಾರ ಫೋನು ಮಾಡುತ್ತಾಳೆ. ಮಾಮ ಮೊಮ್ಮಗನ ಓದು ಕೇಳಿ, ಮಳೆ ಕೇಳಿ, ಕೊನೆಗೆ ಎಂದಿನ ಪ್ರಶ್ನೆಗೆ ಬರುತ್ತಾರೆ: "ಕರೆಂಟು ಗಿರೆಂಟು ಎಲ್ಲ ಸರಿಯಾಗಿದೆಯಾಮ್ಮಾ?" ಎಲ್ಲ ಸರಿಯಾಗಿರುತ್ತದೆ. ಹಾಳು ಎಂಸಿಬಿ.

ಹೋದ ತಿಂಗಳು ನಾನು ಮಾಮನಿಗೊಂದು ಸುಳ್ಳು ಹೇಳಿದೆ. ಹಾಲಿನ ಫ್ಯಾನು ತಿರುಗುತ್ತಿಲ್ಲ, ಮೂರು ಜನ ಬಂದು ನೋಡಿದರೂ ಆಗಲಿಲ್ಲ ಎಂದೆ. ಮರುದಿನ ಬೆಳಗಿನ ರೈಲಿಗೇ ಮಾಮ ಬಂದಿಳಿದರು. ಎಪ್ಪತ್ತೈದು ದಾಟಿದ ಕೈಯಲ್ಲಿ ಅದೇ ಟೆಸ್ಟರು, ಜೇಬಿನಲ್ಲಿ ಫ್ಯೂಸ್ ತಂತಿಯ ಉಂಡೆ. ಸ್ಟೂಲು ಹಾಕಿಸಿಕೊಂಡು ಹತ್ತಿದರು. ನಾನು ರಾತ್ರಿಯೇ ಸಡಿಲಿಸಿಟ್ಟಿದ್ದ ತಂತಿಯನ್ನು ಬಿಗಿ ಮಾಡಿದರು. ಫ್ಯಾನು ತಿರುಗಿತು. ನನ್ನ ಮುಖವನ್ನೊಮ್ಮೆ ಅನುಮಾನದಿಂದ ನೋಡಿದರು. ಏನೂ ಅನ್ನದೆ ಕಾಫಿ ಕುಡಿದರು.

ಅಷ್ಟರಲ್ಲಿ ಎಂಟನೆಯ ಕ್ಲಾಸಿನ ನನ್ನ ಮಗ ಮೊಬೈಲು ನೋಡುತ್ತಾ ಹಾಲಿಗೆ ಬಂದ. ಯೂನಿಫಾರಂ ಶರ್ಟಿನಲ್ಲಿ ಮೇಲಿನಿಂದ ಎರಡನೆಯ ಗುಂಡಿ ಇರಲಿಲ್ಲ. ಮಾಮ ಲೋಟ ಕೆಳಗಿಟ್ಟರು.

"ಏನಪ್ಪಾ ಮರಿ, ಗುಂಡಿ ಹಾಕಕ್ಕೆ ಬರತ್ತಾ?"

ಮಗ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.