ಪಿಪಿಟಿ ಸರ್

ನಾಳೆ ಬೆಳಗ್ಗೆ ಹತ್ತಕ್ಕೆ ಮೀಟಿಂಗ್ ಎಂಬ ಸುದ್ದಿ ಇವತ್ತು ಸಂಜೆ ಐದಕ್ಕೆ ಬರುತ್ತದೆ. ಅದಕ್ಕಿಂತ ಮುಂಚೆ ಬಂದದ್ದನ್ನು ಬೀದರ್ ಜಿಲ್ಲೆಯಲ್ಲಿ ಕಂಡವರಿಲ್ಲ. ಸುದ್ದಿ ಬಿದ್ದ ಕೂಡಲೇ ಸಾಹೇಬರು ಫೈಲು ಕೇಳುವುದಿಲ್ಲ, ಅಂಕಿಅಂಶ ಕೇಳುವುದಿಲ್ಲ. "ಪಿಪಿಟಿ ಸರ್‌ಗೆ ಫೋನ್ ಹಚ್ರಿ" ಅನ್ನುತ್ತಾರೆ.

ಪಿಪಿಟಿ ಸರ್ ಅಂದರೆ ಒಬ್ಬರಲ್ಲ. ಇಲಾಖೆಗೊಬ್ಬರು, ಕಾಲೇಜಿಗೊಬ್ಬರು, ಸಹಕಾರಿ ಬ್ಯಾಂಕಿಗೊಬ್ಬರು ಇದ್ದಾರೆ. ನಾನು ಹೇಳಹೊರಟವರು ಹೈಸ್ಕೂಲಿನ ಸೈನ್ಸ್ ಮಾಸ್ತರು. ನೌಕರಿ ಔರಾದ್ ತಾಲ್ಲೂಕಿನ ಗಡಿ ಹಳ್ಳಿಯದು, ಮನೆ ಭಾಲ್ಕಿಯದು, ಬಾಳು ಮಾತ್ರ ಬೀದರಿನ ಸಭಾಂಗಣಗಳದು. ಎಂದೋ ಒಮ್ಮೆ, ಯಾವುದೋ ತರಬೇತಿಯಲ್ಲಿ, ಅಕ್ಷರಗಳು ಗಿರಿಗಿರಿ ತಿರುಗುತ್ತ ಬಂದು ಕೂರುವ ಹಾಗೆ ಮಾಡಿ ತೋರಿಸಿದ್ದೇ ತಪ್ಪಾಯಿತು. ಅಂದಿನಿಂದ ಅವರ ಕೊರಳಿಗೆ ದಾರ ಬಿತ್ತು, ದಾರದ ತುದಿಗೆ ಪೆನ್‌ಡ್ರೈವ್ ಬಿತ್ತು. ಅದರೊಳಗಿನ ಫೈಲುಗಳ ಹೆಸರುಗಳು ಹೀಗಿವೆ: ಫೈನಲ್. ಫೈನಲ್ ಹೊಸದು. ಖರೇ ಫೈನಲ್. ಸಾಹೇಬ್ರು ನೋಡಿದ್ ಮ್ಯಾಲಿನ ಫೈನಲ್.

ವಿಷಯ ಯಾವುದೇ ಇರಲಿ, ತೊಗರಿಯ ನೆಟೆರೋಗವೋ ಮಕ್ಕಳ ಹಾಜರಾತಿಯೋ, ಮೊದಲ ಸ್ಲೈಡು ಮಾತ್ರ ಗವಾನ್ ಮದರಸಾ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಮಿನಾರು ಹೋಯಿತು, ಇನ್ನೊಂದು ಉಳಿಯಿತು. ಉಳಿದದ್ದನ್ನು ನಮ್ಮ ಸರ್ ಎಡಕ್ಕೂ ಬಲಕ್ಕೂ ಜಗ್ಗಿ ತೊಗರಿ ತುಂಬಿದ ಚೀಲ ಮಾಡಿದ್ದಾರೆ. ಚಿತ್ರ ಹಳೆಯ 4:3 ಅಳತೆಯದು, ಪರದೆ ಈಗಿನ 16:9. ಅಂಚಿನ ಚುಕ್ಕಿ ಹಿಡಿದು ಎಳೆದರೆ ಹೀಗೇ ಆಗುವುದು; ಮೂಲೆಯ ಚುಕ್ಕಿ ಹಿಡಿದು ಎಳೆದರೆ ಗವಾನನ ಮಾನ ಉಳಿಯುತ್ತದೆ, ಹೆಚ್ಚಾದ ಭಾಗವನ್ನು ಕತ್ತರಿಸಿದರಾಯಿತು. ಇದನ್ನು ಅವರಿಗೆ ಹೇಳಿದೆ. "ಬಾಜು ಖಾಲಿ ಉಳೀತದಲ್ರಿ" ಅಂದರು. ಖಾಲಿ ಜಾಗ ಕಂಡರೆ ಸರ್‌ಗೆ ಸರ್ಕಾರಿ ಜಮೀನು ಒತ್ತುವರಿಯಾದಷ್ಟು ಸಂಕಟ. ಕೂಡಲೇ ಅಲ್ಲೊಂದು ಲೋಗೋ ನೆಡುತ್ತಾರೆ.

ಎರಡನೆಯ ಸ್ಲೈಡು ಸ್ವಾಗತ. ಎರಡು ಕೈಗಳು ಕೂಡುತ್ತವೆ, ಬಿಡುತ್ತವೆ, ಕೂಡುತ್ತವೆ. ಗಣ್ಯರೊಬ್ಬರು ತಡವಾಗಿ ಬಂದ ದಿನ ಆ ಕೈಗಳು ಮುಕ್ಕಾಲು ಗಂಟೆ ಬಿಡದೆ ನಮಸ್ಕಾರ ಮಾಡಿದ್ದುಂಟು. ಕೊನೆಯ ಸ್ಲೈಡು ಗುಲಾಬಿ, ಅದರ ಮೇಲೆ ಇಬ್ಬನಿ, ಇಬ್ಬನಿಯ ಮೇಲೆ ಚಿತ್ರ ಮಾರುವವರ ವಾಟರ್‌ಮಾರ್ಕು. ನಡುವೆ ಇರುವುದೇ ವಿಷಯ. ಅದನ್ನು ಓದಬೇಕೆಂದರೂ ಓದಲು ಬರುವುದಿಲ್ಲ. ಹದಿನೇಳು ಸಾಲು, ಸಾಲಿಗೆ ಸಾಲು ಒತ್ತಿ ಕೂರಿಸಿದ್ದು. ಇಂಗ್ಲಿಷಿನವರು ಹಾಗೆ ಒತ್ತಿದರೆ ನಡೆದೀತು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇದೆ, ಮೇಲೆ ಗುಡಿಸು ಇದೆ. ಮೇಲಿನ ಸಾಲಿನ 'ಸ್ತ್ರೀ' ತನ್ನ ಒತ್ತುಗಳ ಸಮೇತ ಕೆಳಗಿನ ಸಾಲಿನ 'ಕೀ' ತಲೆಯ ಮೇಲೆ ಇಳಿದು ಕೂರುತ್ತದೆ. ಅದರ ಮೇಲೆ ಬೋಲ್ಡ್ ಬೇರೆ ಮಾಡಿದರೆ ಒಳಗಿನ ಬೆಳಕಿಂಡಿಗಳೆಲ್ಲ ಮುಚ್ಚಿ ಅಕ್ಷರಗಳು ಹುಣಸೆಬೀಜದ ಸಾಲಾಗುತ್ತವೆ.

ಇನ್ನು ಫಾಂಟು. ಸರ್ ಮನೆಯಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಸಭಾಂಗಣದ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ. ಪರದೆ ತೆರೆದರೆ ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ, ತಲೆಯ ಮೇಲೆ ಚುಕ್ಕಿ ಹೊತ್ತ ಅಕ್ಷರಗಳ ಜಾತ್ರೆ. ಹಿಂದೆ ಕೂತವರೊಬ್ಬರು "ಇದು ಮೋಡಿ ಲಿಪಿ ಏನ್ರಿ?" ಎಂದು ಗಂಭೀರವಾಗಿಯೇ ಕೇಳಿದರು, ಔರಾದಿನ ಹಳೆಯ ಮರಾಠಿ ಕಾಗದಪತ್ರ ನೋಡಿದವರಿರಬೇಕು. ಔಷಧ ಇದಕ್ಕೆ ಕಷ್ಟದ್ದಲ್ಲ. ಅದೇ ನುಡಿಯಲ್ಲಿ ಯುನಿಕೋಡ್ ಆರಿಸಿಕೊಂಡು ಟೈಪ್ ಮಾಡಬಹುದು. ನಿರ್ಮಲಾ ಫಾಂಟು ವಿಂಡೋಸ್ ಜೊತೆಗೇ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ. ಸೇವ್ ಮಾಡುವ ಆಯ್ಕೆಗಳಲ್ಲಿ ಫಾಂಟನ್ನೂ ಫೈಲಿನೊಳಗೆ ಕಟ್ಟಿಕೊಡುವ ಒಂದು ಚೌಕವಿದೆ, ಅದಕ್ಕೆ ಟಿಕ್ ಹಾಕಬೇಕು. ಜೊತೆಗೊಂದು ಪಿಡಿಎಫ್ ಇಟ್ಟುಕೊಂಡರೆ ಇನ್ನೂ ನಿಶ್ಚಿಂತೆ.

ಬಣ್ಣದ ಮಾತಿಗೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬಿದ್ರಿ ಹುಟ್ಟಿದ ಊರು ಇದು. ಸತು, ತಾಮ್ರ ಬೆರೆಸಿದ ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣು ನವಸಾಗರದ ಜೊತೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಡೇ ಬಣ್ಣ. ಅಂಗಡಿಯಲ್ಲಿಟ್ಟ ಹೂದಾನಿಯ ಬಳ್ಳಿ ಬೀದಿಯಿಂದಲೇ ಕಾಣುತ್ತದೆ. ಅದೇ ಬೀದಿಯಲ್ಲಿ ನಡೆದುಹೋಗಿ ಸರ್ ನೀಲಿಯ ಮೇಲೆ ಕೆಂಪು ಬರೆಯುತ್ತಾರೆ, ಹಸಿರಿನ ಮೇಲೆ ಹಳದಿ ಬರೆಯುತ್ತಾರೆ. ನಮ್ಮ ಸಭಾಂಗಣಗಳಿಗೆ ಪರದೆಯಿಲ್ಲದ ಕಿಟಕಿಗಳು. ಬಿಸಿಲು ಒಳಗೇ ಕೂತಿರುತ್ತದೆ. ಅಂಥಲ್ಲಿ ಕಪ್ಪು ಹಿನ್ನೆಲೆಯೂ ಮಸುಕಾಗುತ್ತದೆ, ಬಿದ್ರಿಯನ್ನು ತಿರುಗಿಸಿ ಬಿಳಿಯ ಮೇಲೆ ಕಪ್ಪು ಬರೆಯುವುದೇ ಲೇಸು. ಹೇಳಿದ್ದಾಯಿತು. "ಬಿಳಿ ಬಿಟ್ರ ಪಿಪಿಟಿ ಮಾಡೇ ಇಲ್ಲಂತಾರ್ರಿ."

ಗೈ ಕಾವಸಾಕಿ ಎಂಬ ಅಮೆರಿಕದವರ ಸೂತ್ರವೊಂದಿದೆ: ಸ್ಲೈಡು 10, ನಿಮಿಷ 20, ಅಕ್ಷರದ ಅಳತೆ 30ಕ್ಕೆ ಕಡಿಮೆ ಬೇಡ. ಸರ್ ಅದನ್ನು ಎಲ್ಲೋ ಓದಿದ್ದಾರೆ, ಪಾಲಿಸುತ್ತಲೂ ಇದ್ದಾರೆ. ಅಕ್ಷರ 10, ಸ್ಲೈಡು 30. ನಡುವಿನ 20 ನಿಮಿಷ ಮಾತ್ರ ಯಾವ ಸಭೆಯಲ್ಲೂ ಅವರ ಇಲಾಖೆಗೆ ಸಿಕ್ಕಿಲ್ಲ.

ಸಣ್ಣ ಅಕ್ಷರ ಎಷ್ಟು ದುಬಾರಿ ಎಂದು ಹೇಳಲು ಕೊಲಂಬಿಯಾ ನೌಕೆಯ ಕಥೆ ತೆಗೆದೆ. ಕಲ್ಪನಾ ಚಾವ್ಲಾ ಇದ್ದ ನೌಕೆ, 2003. ಹಾರುವಾಗ ರೆಕ್ಕೆಗೆ ನೊರೆತುಂಡು ಬಡಿದಿತ್ತು. ಅಪಾಯ ಎಷ್ಟೆಂದು ಎಂಜಿನಿಯರುಗಳು ಸ್ಲೈಡು ಮಾಡಿದರು. ಪ್ರಯೋಗದಲ್ಲಿ ನೋಡಿದ್ದ ತುಂಡು 3 ಘನ ಇಂಚಿನದು, ಇಲ್ಲಿ ಬಡಿದದ್ದು 1920 ಘನ ಇಂಚಿನದು ಎಂಬ ಮಾತು ಸ್ಲೈಡಿನ ತಳದಲ್ಲಿ, ಚುಕ್ಕಿಯ ಕೆಳಗಿನ ಚುಕ್ಕಿಯ ಕೆಳಗೆ ಅಡಗಿತ್ತು. ತಲೆಬರಹ ಮಾತ್ರ ಧೈರ್ಯ ಹೇಳುವಂತಿತ್ತು. ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸ ಆ ಒಂದೇ ಸ್ಲೈಡನ್ನು ಬಿಡಿಸಿ ಬಿಡಿಸಿ ಬರೆದರು. ದುರಂತದ ತನಿಖಾ ಮಂಡಳಿಯೂ ಅದನ್ನು ತನ್ನ ವರದಿಯಲ್ಲಿ ಸೇರಿಸಿತು. ಸರ್ ಕಥೆಯನ್ನು ಕೊನೆತನಕ ಕೇಳಿ ನಿಟ್ಟುಸಿರು ಬಿಟ್ಟರು. "ಕೆಂಪು ಬಣ್ಣಾರ ಹಚ್ಬೇಕಿತ್ರಿ ಅವ್ರು."

ಕೊನೆಗೆ ನಾನು ನೇರವಾಗಿ ಕೇಳಿದೆ: ಯಾಕೆ ಇಷ್ಟು ತುಂಬುತ್ತೀರಿ? ಅವರು ನನ್ನನ್ನು ಎಳೆಗೂಸಿನ ಹಾಗೆ ನೋಡಿದರು. "ಪಿಪಿಟಿ ಮಾಡಾಂವ ನಾ, ಓದಾವ್ರು ಸಾಹೇಬ್ರು. ಅವ್ರು ಫಸ್ಟ್ ಟೈಮ್ ನೋಡೋದೇ ಸ್ಟೇಜಿನ ಮ್ಯಾಲ. ಐದು ಶಬ್ದ ಬರ್ದಿಟ್ರ ಅವ್ರು ಏನ್ ಓದ್ಬೇಕ್ರಿ?"

ಜಗತ್ತಿನ ಯಾವ ಸ್ಲೈಡ್ ಪಂಡಿತನ ಬಳಿಯೂ ಇದಕ್ಕೆ ಉತ್ತರ ಇರಲಾರದು. ಮಾಡುವವನೇ ಮಾತಾಡುತ್ತಾನೆ ಎಂದು ನಂಬಿ ಅವರೆಲ್ಲ ಪುಸ್ತಕ ಬರೆದಿದ್ದಾರೆ. ನಮ್ಮಲ್ಲಿ ಸ್ಲೈಡು ಸಭಿಕರಿಗಲ್ಲ. ಪರದೆಗೆ ಮುಖ, ಸಭೆಗೆ ಬೆನ್ನು ಮಾಡಿ ನಿಂತು ಓದುವವರಿಗೆ ಅದು ಪಠ್ಯಪುಸ್ತಕ. ತಲೆಬರಹವಾದರೂ ಕನ್ನಡದಲ್ಲಿರಲಿ ಎಂದರೆ ಸರ್ ಭಾಲ್ಕಿಯ ಹಿರಿಯರನ್ನೇ ಎಳೆದು ತಂದರು. ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಸೀಮೆಯ ಮಕ್ಕಳಿಗೂ ಗೊತ್ತು. "ನಾವೂ ಹಂಗೇರಿ. ಬೋರ್ಡು ಇಂಗ್ಲಿಷು, ಬಾಯಾಗ ಕನ್ನಡ."

ಪಟ್ಟದ್ದೇವರ ಬೋರ್ಡಿನ ಹಿಂದೆ ಪಾಠ ಇತ್ತು ಎನ್ನಲು ಹೋಗಿ ಸುಮ್ಮನಾದೆ, ಯಾಕೆಂದರೆ ಉಪಾಯ ಅಲ್ಲೇ ಹೊಳೆಯಿತು. ಹೊರಗೆ ಬೋರ್ಡು, ಒಳಗೆ ಪಾಠ! ಸ್ಲೈಡಿನ ಕೆಳಗೆ ನೋಟ್ಸ್ ಎಂಬ ಜಾಗವಿದೆ. ಪ್ರೆಸೆಂಟರ್ ವ್ಯೂ ಹಾಕಿದರೆ ಸಭಿಕರಿಗೆ ಪರದೆಯ ಮೇಲೆ ಐದು ಶಬ್ದ ಮಾತ್ರ; ಮಾತಾಡುವವರ ಲ್ಯಾಪ್‌ಟಾಪಿನಲ್ಲಿ ನೋಟ್ಸು ಪೂರ್ತಿ ಕಾಣುತ್ತದೆ. ಸರ್ ಮುಖ ಅರಳಿತು. ರಾತ್ರಿಯೆಲ್ಲ ಕೂತು, ನನಗೆ ಗೊತ್ತಿದ್ದಂತೆ ಮೊದಲ ಬಾರಿಗೆ, ಹನ್ನೆರಡೇ ಸ್ಲೈಡು ಮಾಡಿದರು. ದೊಡ್ಡ ಅಕ್ಷರ, ಬಿಳಿಯ ಮೇಲೆ ಕಪ್ಪು, ಸ್ಲೈಡಿಗೊಂದೇ ಮಾತು. ಉಳಿದದ್ದನ್ನೆಲ್ಲ ಒಳಗೆ ಬರೆದರು, ಸಾಹೇಬರಿಗೆ ಹೇಳಿಕೊಟ್ಟ ಹಾಗೆ, ಮನೆಮಾತಿನಲ್ಲಿ. ವಿಷಯ: ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಣೆ. ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಓದುವ ರೂಢಿ ನಮ್ಮ ಕಡೆಯವರಿಗೆ ಹಳೆಯದು.

ಬೆಳಗ್ಗೆ ಕೇಬಲ್ಲು ಸಿಕ್ಕಿಸಿದವರು ಯಾರೋ. ಪರದೆ ಎರಡೂ ಅದಲುಬದಲಾದವು. ಅದಲುಬದಲು ಮಾಡುವ ಗುಂಡಿ ಅಲ್ಲೇ ಮೇಲೆ ಇತ್ತು, ಒತ್ತಿದ್ದರೆ ಒಂದು ಕ್ಷಣದ ಕೆಲಸ. ಆದರೆ ಸಾಹೇಬರು ಅಷ್ಟರಲ್ಲಿ ಎಂದಿನಂತೆ ಗೋಡೆಗೆ ಮುಖ ಮಾಡಿ ಓದಲು ಶುರು ಮಾಡಿದ್ದರು. ಅವರು ಕಂಡದ್ದನ್ನು ಬಿಟ್ಟವರಲ್ಲ.

"ಎಲ್ಲರಿಗೂ ನಮಸ್ಕಾರ. ಇಲ್ಲಿ ಜರಾ ನಗ್ರಿ."

ಸಭೆ ನಕ್ಕಿತು. ತಮಗೇ ಹೇಳಿದ್ದೆಂದು ತಿಳಿಯಿತೇನೋ.

"ಔರಾದಿನ್ ಕಡಿ ಹುಡುಗ್ರು ಮನ್ಯಾಗ ಮರಾಠಿ ಮಾತಾಡ್ತಾರ, ಸಾಲ್ಯಾಗ ಕನ್ನಡ ಓದ್ತಾರ, ಸೈನ್ಸ್ ಶಬ್ದ ಬಂದ್ರ ಇಂಗ್ಲಿಷಿನ್ಯಾಗ ಸಿಗಬೀಳ್ತಾರ. ಇದನ್ನ ಒತ್ತಿ ಹೇಳ್ರಿ. ನೀರ್ ಕುಡೀರಿ." ಸಾಹೇಬರು ಓದಿ, ನೀರು ಕುಡಿದರು. ಮುಂದಿನ ಸಾಲಿನಲ್ಲಿ ಮೊಬೈಲು ನೋಡುತ್ತಿದ್ದವರು ತಲೆ ಎತ್ತಿದ್ದರು. ಒಂದು ಸಭೆಯಲ್ಲಿ ಎಲ್ಲರೂ ಎಚ್ಚರವಾಗಿ ಪರದೆ ಓದುವುದನ್ನು ನಾನು ಕಂಡದ್ದು ಅವತ್ತೇ.

ಹನ್ನೆರಡನೆಯ ಸ್ಲೈಡಿಗೆ ಗುಲಾಬಿ ಇರಲಿಲ್ಲ. ಸಾಹೇಬರು ಓದಿದರು: "ಯಾರಾರ ಪ್ರಶ್ನಿ ಕೇಳಿದ್ರ ನನ್ ಕಡಿ ನೋಡ್ರಿ." ಓದಿ, ಹಿಂದಿನ ಬಾಗಿಲ ಬಳಿ ನಿಂತಿದ್ದ ಪಿಪಿಟಿ ಸರ್ ಕಡೆ ನೋಡಿದರು. ಇಡೀ ಸಭೆ ತಿರುಗಿ ನೋಡಿತು. ಸರ್ ಮುಂದೆ ಬರಲೇಬೇಕಾಯಿತು. ಬಂದು ಪ್ರೊಜೆಕ್ಟರ್ ಆರಿಸಿ, ಯಾವ ಪಾಠದಲ್ಲಿ ಮಕ್ಕಳು ಎಡವುತ್ತಾರೆ, ಬಸ್ಸು ತಪ್ಪಿದ ದಿನ ಹುಡುಗಿಯರು ಯಾಕೆ ಬರುವುದಿಲ್ಲ, ಸೋಯಾ ರಾಶಿಯ ವೇಳೆಗೆ ಹಾಜರಾತಿ ಏನಾಗುತ್ತದೆ ಎಂದು ಚೀಟಿಯಿಲ್ಲದೆ ಹೇಳಿದರು. ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯ ಅಧಿಕಾರಿ ಮೆಚ್ಚಿ ಕೇಳಿದರು:

"ಭಾಳ್ ಛೊಲೋ ಹೇಳಿದ್ರಿ. ನೀವ್ ಯಾವ ಡಿಪಾರ್ಟ್‌ಮೆಂಟ್ರಿ?"

"ಹೈಸ್ಕೂಲ್ ಸೈನ್ಸ್ ಮಾಸ್ತರ್ರಿ ಸರ್. ಔರಾದ್ ತಾಲೂಕು."

"ಹೌದಾ? ಮತ್ತ ಇವತ್ತ ಅಲ್ಲಿ ಸೈನ್ಸ್ ಯಾರ್ ಹೇಳ್ಲತ್ತಾರ್ರಿ?"

ಅದಕ್ಕೆ ನೋಟ್ಸಿನಲ್ಲಿ ಏನೂ ಬರೆದಿರಲಿಲ್ಲ.