ಮೇಜಿನ ಮೇಲಿನ ನಿಯಮವೂ ನೆಲದ ಮೇಲಿನ ಪರಸಿಯೂ: ಒಂದು ಮೀಮಾಂಸೆ

ಶಾಸನಸಭೆ ಮಾಡಿದ ಕಾಯ್ದೆಗಿಂತ ಅದರಡಿ ಸರ್ಕಾರ ಮಾಡುವ ನಿಯಮವೇ ದಪ್ಪಗಿರಬೇಕೆಂಬ ಮಹಾತತ್ವ ಎಲ್ಲಿ ಹುಟ್ಟಿತು? ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಹೆವರ್ಟ್ 1929ರಲ್ಲಿ ಒಂದು ಪುಸ್ತಕವನ್ನೇ ಬರೆದು, ಇದು ತಮ್ಮ ದೇಶಕ್ಕೆ ಹೊಸದಾಗಿ ಅಂಟಿದ ರೋಗವೆಂದು ಗೋಳಾಡಿದರು. ಪ್ರಸ್ತುತ ಸಂಶೋಧಕ ಇದನ್ನು ಒಪ್ಪುವುದಿಲ್ಲ. ಆ ಕೀರ್ತಿ ಸಲ್ಲಬೇಕಾದದ್ದು ಶಹಾಬಾದಿನ ಮಗ್ಗುಲಲ್ಲಿರುವ ಮರತೂರಿಗೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಯ ಸುಮಾರು ಸಾವಿರ ಶ್ಲೋಕಗಳಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಮುಂದೆ ಬ್ರಿಟಿಷರ ಕೋರ್ಟುಗಳಲ್ಲಿ ದೇಶದ ಬಹುಪಾಲು ಹಿಂದೂಗಳ ಆಸ್ತಿ ಪಾಲಾದದ್ದು ಆ ವ್ಯಾಖ್ಯಾನದ ಮಾತಿನಂತೆಯೇ. ಮೂಲ ಋಷಿಯನ್ನು ಯಾರೂ ವಿಚಾರಿಸಲಿಲ್ಲ. ನಮ್ಮ ಸಚಿವಾಲಯದ ಅಧೀನ ಕಾರ್ಯದರ್ಶಿಗಳೆಲ್ಲ ವಿಜ್ಞಾನೇಶ್ವರನ ಶಿಷ್ಯಪರಂಪರೆಯವರು ಎಂಬುದು ಇದರಿಂದ ಸಿದ್ಧವಾಯಿತು.

ಇನ್ನು ವಸ್ತುವಿಗೆ ಬರೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ಒಡಲಲ್ಲಿರುವುದು ಸುಣ್ಣದ ಕಲ್ಲು. ಹಾಳೆಹಾಳೆಯಾಗಿ ಎದ್ದು ಬಂದರೆ ಪರಸಿ, ಪುಡಿಯಾಗಿ ಭಟ್ಟಿಗೆ ಹೋದರೆ ಸಿಮೆಂಟು. ಕಣ್ಣಿಗೆ ಅಣ್ಣತಮ್ಮಂದಿರಂತೆ ಕಂಡರೂ ಕಾನೂನಿನಲ್ಲಿ ಇವು ಬೇರೆ ಬೇರೆ ಜಾತಿ. ಸಿಮೆಂಟಿನ ಕಲ್ಲು ಪ್ರಧಾನ ಖನಿಜ, ಅದರ ಜುಟ್ಟು ದಿಲ್ಲಿಯ ಕೈಯಲ್ಲಿ. ಪರಸಿ ಉಪಖನಿಜ. 1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಪ್ರಕರಣ ಅದನ್ನು ರಾಜ್ಯಕ್ಕೆ ಬಿಟ್ಟಿದೆ. ರಾಜ್ಯ 1994ರಲ್ಲಿ ಉಪಖನಿಜ ರಿಯಾಯಿತಿ ನಿಯಮಗಳನ್ನು ಮಾಡಿ, ‘ಶಹಾಬಾದ್ ಕಲ್ಲು’ ಎಂದು ಹೆಸರು ಹಿಡಿದೇ ರಾಜಧನ ವಸೂಲು ಮಾಡುತ್ತದೆ.

ಅದೇ ಕಾಯ್ದೆಯ 28ನೇ ಪ್ರಕರಣ ಓದಿದವನ ಜನ್ಮ ಸಾರ್ಥಕ. ಕೇಂದ್ರದ ನಿಯಮವನ್ನು ಸಂಸತ್ತಿನ ಎರಡೂ ಸದನಗಳ ಮುಂದೆ, ಅಂದರೆ ಸದನದ ಮೇಜಿನ ಮೇಲೆ, ಅಧಿವೇಶನದ ಒಟ್ಟು 30 ದಿನ ಇಡಬೇಕು. ಎರಡೂ ಒಪ್ಪಿದರೆ ತಿದ್ದಬಹುದು, ತೆಗೆದೂ ಹಾಕಬಹುದು. ಆದರೆ ಅಷ್ಟರೊಳಗೆ ನಿಯಮದ ಹೆಸರಿನಲ್ಲಿ ಆಗಿಹೋದದ್ದಕ್ಕೆ ಬಾಧಕವಿಲ್ಲ. ರಾಜ್ಯದ ನಿಯಮಕ್ಕೆ ಇಷ್ಟೂ ಇಲ್ಲ. ಮಾಡಿದ ಮೇಲೆ ಆದಷ್ಟು ಬೇಗ ವಿಧಾನಮಂಡಲದ ಮುಂದಿಡಬೇಕು, ಮುಗಿಯಿತು. ದಿನದ ಲೆಕ್ಕವಿಲ್ಲ, ತಿದ್ದುವ ಸೊಲ್ಲಿಲ್ಲ. ಹೀಗಾಗಿ ಒಂದೇ ಬಂಡೆ ವಾಡಿಯ ಕ್ರಷರಿಗೆ ಬಿದ್ದರೆ ಜನಪ್ರತಿನಿಧಿಗಳಿಗೆ 30 ದಿನ, ಶಹಾಬಾದಿನ ಪಾಲಿಷ್ ಮಷೀನಿಗೆ ಬಿದ್ದರೆ ಸೊನ್ನೆ. ಭೂವಿಜ್ಞಾನಿಗಳು ಈ ಭೇದವನ್ನು ಇನ್ನೂ ಕಂಡುಹಿಡಿಯಬೇಕಿದೆ.

ಪೂರ್ವಪಕ್ಷ: ಇಡಲೇ ಇಲ್ಲವಾದರೆ? ಉತ್ತರವನ್ನು ಸುಪ್ರೀಂ ಕೋರ್ಟು ಕೊಟ್ಟಾಗಿದೆ. 1979ರ ಕಾನೂನು ವರದಿಗಳಲ್ಲಿ ಅಚ್ಚಾದ ಅಟ್ಲಾಸ್ ಸೈಕಲ್ ಪ್ರಕರಣದ ಪ್ರಕಾರ, ಇಡಬೇಕೆಂಬ ಅಂಥ ವಿಧಿ ಮಾರ್ಗದರ್ಶಕವಷ್ಟೇ, ಕಡ್ಡಾಯವಲ್ಲ. ಇಡದ ಮಾತ್ರಕ್ಕೆ ಆದೇಶ ಸಾಯುವುದಿಲ್ಲ. ಮೇಜು ಮುಟ್ಟದೆಯೂ ನಿಯಮ ಸೈಕಲ್ ಹೊಡೆಯಬಹುದು.

ಇಲ್ಲಿ ಗೌಂಡಿಯ ಶಾಸ್ತ್ರ ನೋಡಬೇಕು. ಪರಸಿ ಕೂಡಿಸಿದ ಮೇಲೆ ಅವನು ಸುತ್ತಿಗೆಯ ಹಿಡಿಯಿಂದ ನಾಲ್ಕೂ ಮೂಲೆ ಬಡಿದು ಕಿವಿಗೊಡುತ್ತಾನೆ. ಟೊಳ್ಳು ಸದ್ದು ಬಂತೋ, ‘ಕೆಳಗ ಮಾಲ್ ಕುಂತಿಲ್ಲರೀ’ ಎಂದು ಕಲ್ಲು ಎತ್ತಿ ಮತ್ತೆ ಮಾಲ್ ತುಂಬುತ್ತಾನೆ. ಮೇಜಿನ ಮೇಲಿಟ್ಟ ನಿಯಮವನ್ನು ಹೀಗೆ ಬಡಿದು ನೋಡಲೆಂದೇ ವಿಧಾನಮಂಡಲದಲ್ಲಿ ಅಧೀನ ಶಾಸನ ರಚನಾ ಸಮಿತಿ ಇದೆ. ಲೋಕಸಭೆ ಇಂಥದ್ದನ್ನು 1953ರಲ್ಲೇ ಮಾಡಿಕೊಂಡಿತು. ಕಾಯ್ದೆ ಕೊಟ್ಟ ಅಧಿಕಾರವನ್ನು ನಿಯಮ ಮೀರಿದೆಯೇ, ಸದ್ದಿಲ್ಲದೆ ತೆರಿಗೆ ಹೇರಿದೆಯೇ, ಹಿಂದಿನ ತಾರೀಖಿನಿಂದ ಜಾರಿಯಾಗಿದೆಯೇ, ಸದನಕ್ಕೆ ತಡವಾಗಿ ಬಂದಿದೆಯೇ ಎಂದು ಕೇಳುವುದು ಅದರ ಕೆಲಸ. ಟೊಳ್ಳು ಕೇಳಿಸಿದರೆ ಶಿಫಾರಸು ಮಾಡುತ್ತದೆ. ಕಲ್ಲು ಎತ್ತುವವರು ಮತ್ತೆ ಅದೇ ಇಲಾಖೆಯವರು.

ಇಟ್ಟ ಕಾಗದ ಕೊನೆಗೆ ಗ್ರಂಥಾಲಯ ಸೇರುತ್ತದೆ. ಇದರಲ್ಲೂ ನಮ್ಮ ಸೀಮೆಯೇ ಮುಂದು. ಚಿತ್ತಾಪುರದ ನಾಗಾವಿ ಘಟಿಕಾಸ್ಥಾನದ 1058ರ ಶಾಸನದಲ್ಲಿ ಗ್ರಂಥ ಕಾಯುವ ಸರಸ್ವತೀ ಭಂಡಾರಿಗರ ಉಲ್ಲೇಖವಿದೆ. ಅಲ್ಲಿ ಓದುವ ಶಿಷ್ಯರೂ ಇದ್ದರು.

‘ನಮ್ಮಲ್ಲಿ ಅಡವಿಯೇ ಹೆಚ್ಚು, ನಿಮ್ಮ ಪರಸಿ ಕಟ್ಟಿಕೊಂಡು ನಮಗೇನು?’ ಎಂದು ಚಿಂಚೋಳಿಯವರು ಕೇಳಬಹುದು. ಅವರಿಗೂ ಮೇಜು ತಪ್ಪಿದ್ದಲ್ಲ. ಸಂವಿಧಾನದ 371ಜೆ ವಿಧಿಯಂತೆ ನಮ್ಮ ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು. ಇಡಬೇಕು ಎಂದಿದೆ, ಓದಬೇಕು ಎಂದಿಲ್ಲ. ತಿದ್ದುಪಡಿ ಬರೆದವರು ಮನುಷ್ಯಸ್ವಭಾವ ಬಲ್ಲವರು.

ಆದ್ದರಿಂದ ಐದೂ ಊರಿನ ಓದುಗರಲ್ಲಿ ಸಂಶೋಧಕನ ವಿನಂತಿ: ಶಾಸಕರು ಊರಿಗೆ ಬಂದಾಗ ರಸ್ತೆ, ನೀರು, ತೊಗರಿ ರೇಟು ಕೇಳುವುದನ್ನು ಬಿಡಬೇಡಿ. ಜೊತೆಗೆ ಇದನ್ನೂ ಕೇಳಿ: ‘ಸಾಹೇಬ್ರ, ಹೋದ ಅಧಿವೇಶನದಾಗ ಮೇಜಿನ ಮ್ಯಾಲ ಯಾವ್ಯಾವ ನಿಯಮ ಇಟ್ಟಿದ್ರು? ನೀವು ಯಾವುದು ಓದೀರಿ?’