ದೃಷ್ಟಿಬೊಟ್ಟಿನಂಥ ಮೂರನೇ ತೂತು

ವಿಜಯಪುರ, ತಿಕೋಟಾ, ಬಬಲೇಶ್ವರದಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ಸಾವಕಾರರೇ,

ಮನೆ ಭಾರಿ ಚೆನ್ನಾಗಿದೆ. ಸಾಗವಾನಿ ಬಾಗಿಲು, ಕನ್ನಡಿಯಂಥ ಫರಸಿ, ಚಾವಣಿಗೆ ಪಿಓಪಿ ಹೂವು. ಯಾವುದಕ್ಕೂ ನೀವು ಕೈ ಹಿಡಿದಿಲ್ಲ. ಒಂದೇ ಒಂದು ಸಂಶಯ ಉಳಿದಿದೆ. ಪ್ರತಿ ಕೋಣೆಯ ಬೋರ್ಡಿನಲ್ಲಿ ಮೂರು ತೂತಿನ ಸಾಕೆಟ್ ಇದೆಯಲ್ಲ, ಅದರ ಮೇಲಿನ ದೊಡ್ಡ ತೂತು ಯಾತಕ್ಕೆ? ಕೆಳಗಿನ ಎರಡಕ್ಕೆ ಹಿಂದೆ ವೈರು ಇದೆ, ಕೆಲಸವೂ ಇದೆ. ಮೇಲಿನದರ ಹಿಂದೆ ವೈರೇ ಇಲ್ಲ. ಇದ್ದರೂ ಅದು ಗೋಡೆಯೊಳಗೆ ಎಲ್ಲಿಗೋ ಹೋಗಿ ಮುಗಿಯುತ್ತದೆ, ನೆಲ ಮುಟ್ಟುವುದಿಲ್ಲ. ಇಷ್ಟು ಚೆಂದದ ಮನೆಗೆ ಕಣ್ಣು ಬೀಳದಿರಲಿ ಎಂದು ಗೋಡೆಗಿಟ್ಟ ದೃಷ್ಟಿಬೊಟ್ಟು ಇರಬೇಕು.

ಆ ತೂತಿನ ಗೊಡವೆಗೆ ಹೋಗದ ಬಹಳ ಮಂದಿಗೆ, ಕರೆಂಟು ಮಿತಿ ಮೀರಿದರೆ ಬೀಳುವ ಎಂಸಿಬಿ ಸ್ವಿಚ್ಚೊಂದೇ ಕಾಯುವ ದೇವರು. ಆ ದೇವರಿಗಾದರೂ ಮರ್ಯಾದೆ ಉಂಟೇ? "ಸುಮ್ಮಸುಮ್ಮನ ಬೀಳತದ್ರೀ" ಎಂದು 16 ಆಂಪಿಯರಿನದನ್ನು ಕಿತ್ತು 32ರದನ್ನು ಕೂಡಿಸುತ್ತೀರಿ. ಗೋಡೆಯೊಳಗಿನ ವೈರು ಮಾತ್ರ ಹಳೆಯದೇ. ಎಂಸಿಬಿ ಇರುವುದು ವೈರು ಕಾಯಲು. ವೈರು ತಾಳುವುದಕ್ಕಿಂತ ದೊಡ್ಡ ಎಂಸಿಬಿ ಹಾಕಿದರೆ ಕಾವಲುಗಾರನಿಗೆ ನಿದ್ದೆ ಗುಳಿಗೆ ಕೊಟ್ಟಂತೆ. ಕರೆಂಟು ಎರಡು ಪಟ್ಟಾದರೆ ವೈರಿನ ಶಾಖ ನಾಲ್ಕು ಪಟ್ಟಾಗುತ್ತದೆ. ಅಂತರರಾಷ್ಟ್ರೀಯ ಕೋಷ್ಟಕಗಳಲ್ಲಿ ಪಿವಿಸಿ ವೈರಿನ ಸಾಮರ್ಥ್ಯ ಬರೆದಿರುವುದು 30 ಡಿಗ್ರಿ ಸೆಲ್ಸಿಯಸ್‌ಗೆ. ಸುತ್ತಲಿನ ಬಿಸಿ 50 ಮುಟ್ಟಿದರೆ ಅದನ್ನು 0.71ರಿಂದ ಗುಣಿಸಬೇಕು, ಅಂದರೆ 20 ಆಂಪಿಯರ್ ಹೊರುವ ವೈರು 14ಕ್ಕೇ ಸುಸ್ತಾಗುತ್ತದೆ. ನಮ್ಮೂರಿನ ಮೇ ತಿಂಗಳಲ್ಲಿ ಸ್ಲ್ಯಾಬಿನೊಳಗೆ ಹುದುಗಿದ ಪೈಪು ಎಷ್ಟು ಕಾದಿರುತ್ತದೆ ಎಂದು ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಂತವರನ್ನು ಕೇಳಿ. ಆದಿಲ್‌ಶಾಹಿ ಕಾಲದವರು ತೊರವಿಯಿಂದ, ಬೇಗಂ ತಲಾಬಿನಿಂದ ಊರೊಳಗೆ ನೀರು ತಂದಾಗ ಮಣ್ಣಿನ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ ಗಂಜ್ ಗೋಪುರ ಕಟ್ಟಿ ಒತ್ತಡ ಇಳಿಸಿದರು. ಕೊಳವೆ ಎಷ್ಟು ತಾಳುತ್ತದೆ ಎಂಬ ಲೆಕ್ಕ ಈ ಊರಿಗೆ ಹದಿನೇಳನೇ ಶತಮಾನದಲ್ಲೇ ಗೊತ್ತಿತ್ತು.

ಇರಲಿ, ವೈರು ಸುಟ್ಟರೆ ವಾಸನೆಯಾದರೂ ಬರುತ್ತದೆ. ಆ ಮೂರನೇ ತೂತಿಗೆ ಬರಬೇಕಾದ ಅರ್ತಿಂಗ್, ಅಂದರೆ ನೆಲಕ್ಕೆ ಹೋಗುವ ವೈರು, ಇಲ್ಲ ಎಂಬುದು ಗೊತ್ತಾಗುವುದು ಯಾರಾದರೂ ಮುಟ್ಟಿದಾಗಲೇ. ಬೇಸಿಗೆಯ ತಗಡಿನ ಕೂಲರನ್ನೇ ತೆಗೆದುಕೊಳ್ಳಿ: ಕಬ್ಬಿಣದ ಮೈ, ಹೊಟ್ಟೆ ತುಂಬ ನೀರು, ಒಳಗೊಂದು ಪಂಪು, ನೀರು ಹಾಕಲು ಬರುವವರದು ಒದ್ದೆ ಕೈ. ಪಂಪಿನ ಇನ್ಸುಲೇಷನ್ ಕೆಟ್ಟು ತಗಡಿಗೆ 230 ವೋಲ್ಟ್ ತಾಗಿತು ಎನ್ನಿ. ಅರ್ತಿಂಗ್ ದಾರಿಯ ಒಟ್ಟು ತಡೆ 20 ಓಮ್ ಇದ್ದರೆ ಹರಿಯುವುದು 11.5 ಆಂಪಿಯರ್. 16ರ ಎಂಸಿಬಿಗೆ ಅದು ಮಾಮೂಲಿ ಲೋಡು, ಅದು ಬೀಳುವುದೇ ಇಲ್ಲ. ತಗಡು ಹಾಗೇ ಕಾಯುತ್ತ ಕೂತಿರುತ್ತದೆ. 20 ಓಮ್ ಎಂದದ್ದೂ ಉದಾರವಾಗಿಯೇ. ಪೈಪ್ ಅರ್ತಿಂಗಿಗೆ ಕನಿಷ್ಠ 2.5 ಮೀಟರ್ ಪೈಪು ಬೇಕೆನ್ನುತ್ತದೆ ಐಎಸ್ 3043. ಊರಲ್ಲಿ ಎರಡು ಅಡಿಗೆ ಕಲ್ಲು ತಾಗಿದರೆ ಪೈಪನ್ನೇ ಕತ್ತರಿಸುತ್ತಾರೆ. ಬಬಲೇಶ್ವರದ ಕಡೆಯ ಎರೆ ನೆಲ ಮಳೆಗಾಲದಲ್ಲಿ ಪೈಪನ್ನು ಅಪ್ಪಿಕೊಂಡಿದ್ದು ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ಕೈಬಿಡುತ್ತದೆ. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಿಗೆ ಕಬ್ಬಿಣವೇ ಎಲುಬು, ಕೆಲಸದ ಕಾಲವೂ ಅದೇ ಒಣ ಬೇಸಿಗೆ. ಇಂಥ ನೆಲದಲ್ಲಿ ಅರ್ತಿಂಗ್ ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಬೇಕೇ ಬೇಕು. ಅರ್ತಿಂಗ್ ತಡೆ ನೂರಾರು ಓಮ್ ಆದರೂ ಅದು ಕೆಲಸ ಮಾಡುತ್ತದೆ.

ಇಲ್ಲಿಂದ ನಿಮ್ಮ ತಕರಾರುಗಳು ಶುರುವಾಗುತ್ತವೆ. ಆರ್‌ಸಿಸಿಬಿಯೂ ಸುಮ್ಮಸುಮ್ಮನೆ ಬೀಳುತ್ತದೆ ಎನ್ನುತ್ತೀರಿ. ಬಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ನಿಮ್ಮ ಮಿಸ್ತ್ರಿ ಎರಡು ಸರ್ಕ್ಯೂಟಿನ ನ್ಯೂಟ್ರಲ್ ಕಲಸಿದ್ದಾನೆ. ಕೆಟ್ಟದ್ದನ್ನು ಹುಡುಕುವ ಬದಲು ಹೇಳಿದವನನ್ನೇ ಕಿತ್ತೊಗೆಯುವುದು ನಿಮ್ಮ ರೂಢಿ. ಆರ್‌ಸಿಸಿಬಿ ಇದ್ದಮೇಲೆ ಅರ್ತಿಂಗ್ ಯಾಕೆ ಎನ್ನುವವರೂ ಇದ್ದಾರೆ. ಅರ್ತಿಂಗ್ ಇದ್ದರೆ ಯಾರೂ ಮುಟ್ಟುವ ಮುಂಚೆಯೇ ಅದು ಬೀಳುತ್ತದೆ. ಇಲ್ಲದಿದ್ದರೆ ಮೊದಲು ಒಬ್ಬರು ಮುಟ್ಟಬೇಕು. ಆ ಒಬ್ಬರು ಯಾರು ಎಂದು ಮನೆಯಲ್ಲಿ ಪಾಳಿ ಹಚ್ಚುತ್ತೀರಾ? ನಮ್ಮ ಅಪ್ಪನ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎಂಬ ಮಾತಂತೂ ಬೇಡ. ಅವರ ಮನೆಯಲ್ಲಿ ಇದ್ದದ್ದು ಎರಡು ಬಲ್ಬು, ಒಂದು ರೇಡಿಯೋ. ಅರ್ತಿಂಗ್ ಕರೆಂಟು ಕೊಡುವ ಹೆಸ್ಕಾಂನ ಕೆಲಸ ಎನ್ನುವುದು ಅರ್ಧ ನಿಜ. ಸರಬರಾಜು ಮಾಡುವವರು ಗ್ರಾಹಕರ ಕಟ್ಟಡದಲ್ಲಿ ಭೂಸಂಪರ್ಕದ ತುದಿಯೊಂದನ್ನು ಒದಗಿಸಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಆದರೆ ಮೀಟರಿನಿಂದ ಈಚೆಗೆ ಗೋಡೆ ನಿಮ್ಮದು, ವೈರು ನಿಮ್ಮದು, ದೃಷ್ಟಿಬೊಟ್ಟೂ ನಿಮ್ಮದೇ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ ಮೂರನೇ ತೂತಿಗೆ ತುಂಡು ವೈರು ಲೂಪ್ ಹೊಡೆಯುವ ಚಾಲಾಕಿ. ಟೆಸ್ಟ್ ಲ್ಯಾಂಪ್ ಹಚ್ಚಿದರೆ ಉರಿಯುತ್ತದೆ, ನೀವು ಖುಷಿ, ಮಿಸ್ತ್ರಿಗೆ ಪಗಾರ. ಹಿಂದೆ ಎಲ್ಲೋ ನ್ಯೂಟ್ರಲ್ ಕಡಿಯಿತೋ, ಕೂಲರಿನ ತಗಡಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಅದಕ್ಕೆ ಒಳಗಿನ ಪಂಪು ಕೆಡಬೇಕಾಗಿಯೂ ಇಲ್ಲ. ಇದು ಉಳಿತಾಯವಲ್ಲ ಸಾವಕಾರರೇ, ಮನೆಮಂದಿಗೆ ಹೂಡಿದ ಬಲೆ. ವೈರಿಂಗ್ ಸರಿಯಿದೆ ಎಂಬ ವರದಿಗೆ ಅರ್ತಿಂಗ್ ಅಳೆಯದೆ ಸಹಿ ಹಾಕುವವರಿಗೂ ಇದೇ ಮಾತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಸಣ್ಣ ಲೋಡಿನ ಮನೆಗಳನ್ನು ಬಿಟ್ಟು ಉಳಿದ ಮನೆಗಳಿಗೆ 30 ಮಿಲಿ ಆಂಪಿಯರ್ ಮೀರದ ಸೋರಿಕೆ ರಕ್ಷಣೆ ಕಡ್ಡಾಯ ಮಾಡಿವೆ. ಎರಡು ಏಸಿ ತೂಗಿದ ಮನೆಯನ್ನೂ ಕಾಗದದ ಮೇಲೆ ಸಣ್ಣ ಲೋಡಿನದು ಮಾಡುವ ವಿದ್ಯೆ ನಿಮಗೆ ಗೊತ್ತು. ಕರೆಂಟಿಗೆ ಓದು ಬರುವುದಿಲ್ಲ, ನಿಮ್ಮ ಕಾಗದ ಅದಕ್ಕೆ ಲೆಕ್ಕಕ್ಕಿಲ್ಲ.

ಗೃಹಪ್ರವೇಶದ ಹೋಳಿಗೆ ಊಟದಲ್ಲಿ ಒಂದು ಪಂಕ್ತಿ ಕಡಿಮೆ ಮಾಡಿದರೆ ಅರ್ತಿಂಗ್, ಆರ್‌ಸಿಸಿಬಿಗಳ ಖರ್ಚು ಹೊರಡುತ್ತದೆ. ಕಾರ್ಡು ಅಚ್ಚಿಗೆ ಕೊಡುವ ಮುಂಚೆ ಅರ್ತ್ ಟೆಸ್ಟರ್ ತರಿಸಿ ನಿಮ್ಮ ಕಣ್ಣೆದುರೇ ಅಳೆಸಿ, ಬಂದ ಓಮ್ ಅಂಕಿಯನ್ನು ಬರೆಸಿಕೊಳ್ಳಿ. ಆರ್‌ಸಿಸಿಬಿಯ ಮೇಲಿನ 'ಟಿ' ಗುಂಡಿ ಒತ್ತಿ, ಅದು ಬೀಳುವುದನ್ನು ನೋಡಿ. ಎರಡೂ ಆಗುವತನಕ ವೈರಿಂಗಿನವರಿಗೆ ಕೊನೆಯ ಕಂತು ಕೊಡಬೇಡಿ.